ವೀವರ್ಕ್ ಸಂಸ್ಥೆಯ ಚರಿತ್ರೆಯೂ ‘ನಾವು’ ಎಂಬ ಶಬ್ದದ ವ್ಯವಹಾರವೂ

೧

ಶಾಸನ, ಛಂದಸ್ಸು, ವ್ಯಾಕರಣಗಳ ವಿಚಾರಕ್ಕೆ ಮೀಸಲಾದ ಈ ಪತ್ರಿಕೆಯಲ್ಲಿ ಅಮೆರಿಕಾ ದೇಶದ ಒಂದು ಕಟ್ಟಡ-ಬಾಡಿಗೆಯ ಕಂಪೆನಿಯ ಚರಿತ್ರೆಗೆ ಏನು ಪ್ರಸಕ್ತಿಯೆಂದು ವಾಚಕರು ಶಂಕಿಸಬಹುದು. ಶಂಕೆಯು ನ್ಯಾಯವಾದುದೇ. ಅದಕ್ಕೆ ಸಮಾಧಾನವಿಷ್ಟು: ೨೦೧೯ನೆಯ ಇಸವಿಯಲ್ಲಿ ಆ ಕಂಪೆನಿಯು ತನ್ನ ಸ್ಥಾಪಕರ ಕೈಯಲ್ಲಿಯೇ ಇದ್ದ ಮತ್ತೊಂದು ಸಂಸ್ಥೆಗೆ ೫೯ ಲಕ್ಷ ಡಾಲರು ಬೆಲೆಯ ಪಾಲುಗಳನ್ನು ಕೊಟ್ಟು ಒಂದು ಶಬ್ದದ ಹಕ್ಕನ್ನು ಕೊಂಡುಕೊಂಡಿತು. ಆ ಶಬ್ದವು ಇಂಗ್ಲಿಷಿನ ‘ವೀ’. ಅಂದರೆ ಕನ್ನಡದ ‘ನಾವು’. ಸರ್ವನಾಮವು ಎಲ್ಲರದೂ ಆದ ನಾಮವೆಂದೇ ನಾವು ಇಂದಿನವರೆಗೆ ಪಾಠ ಹೇಳಿಕೊಂಡು ಬಂದಿದ್ದೇವೆ. ಅದಕ್ಕೂ ಒಬ್ಬ ಒಡೆಯನಿದ್ದನು, ಅವನು ಅದನ್ನು ಮಾರಿದನು, ಕೊಂಡದ್ದೂ ಅವನದೇ ಕಂಪೆನಿ ಎಂಬ ಸಂಗತಿಯು ಶಬ್ದವಿದ್ಯೆಯ ಚರಿತ್ರೆಯಲ್ಲಿ ಅಪೂರ್ವವಾದುದು. ಆದಕಾರಣ ಈ ವೃತ್ತಾಂತವು ವರ್ತಕರ ಪತ್ರಿಕೆಗೆ ಎಷ್ಟು ಸೇರತಕ್ಕದ್ದೋ ಅಷ್ಟೇ ನಮಗೂ ಸೇರತಕ್ಕದ್ದು.

ಮುಂದಿನ ವಿಚಾರಕ್ಕೆ ಉಪಕಾರಕವಾದ ಎರಡು ವ್ಯಾಕರಣಾಂಶಗಳನ್ನು ಇಲ್ಲಿಯೇ ಹೇಳಿಬಿಡುವೆವು. ಪಾಣಿನಿಯು ಅಸ್ಮದ್ ಶಬ್ದಕ್ಕೆ ಒಂದು ವಿಶೇಷ ಸ್ವಾತಂತ್ರ್ಯವನ್ನು ಕೊಟ್ಟಿರುವನು: ಹೇಳುವವನು ಒಬ್ಬನೇ ಆಗಿರಲಿ, ಇಬ್ಬರಾಗಿರಲಿ, ವಿಕಲ್ಪದಿಂದ ಬಹುವಚನವನ್ನು ಪ್ರಯೋಗಿಸಬಹುದು. ಈ ಲೇಖಕನು ತನ್ನನ್ನು ‘ನಾವು’ ಎಂದು ಹೇಳಿಕೊಳ್ಳುತ್ತಿರುವುದೂ ಆ ಅನುಮತಿಯ ಆಧಾರದಿಂದಲೇ. ಆದರೆ ವಾರ್ತಿಕಕಾರನು ಇದಕ್ಕೊಂದು ನಿಷೇಧವನ್ನು ಸೇರಿಸಿದನು: ಆ ಶಬ್ದಕ್ಕೆ ವಿಶೇಷಣವು ಕೂಡಿದರೆ ಒಬ್ಬನಲ್ಲಿ ಬಹುವಚನವು ಸಲ್ಲದು. ದೇವದತ್ತನು ತನ್ನ ಹೆಸರನ್ನು ಹೇಳಿ ಮಾತನಾಡುವಾಗ ‘ನಾನು’ ಎಂದೇ ಹೇಳಬೇಕು, ‘ನಾವು’ ಎನ್ನಕೂಡದು. ಇದು ಮೊದಲನೆಯ ಅಂಶ.

ಎರಡನೆಯದು ನಮ್ಮ ದ್ರಾವಿಡ ಭಾಷೆಗಳದು. ತಮಿಳಿನಲ್ಲಿ ನಾಮ್, ನಾಂಗಳ್ ಎಂದೂ, ತೆಲುಗಿನಲ್ಲಿ ಮನಮು, ಮೇಮು ಎಂದೂ, ತುಳುವಿನಲ್ಲಿ ನಮ, ಎಂಕುಳು ಎಂದೂ ಉತ್ತಮಪುರುಷ ಬಹುವಚನಕ್ಕೆ ಎರಡೆರಡು ರೂಪಗಳಿವೆ. ಮೊದಲಿನದರಲ್ಲಿ ಕೇಳುವವನೂ ಸೇರಿರುತ್ತಾನೆ. ಎರಡನೆಯದರಲ್ಲಿ ಅವನು ಹೊರಗುಳಿಯುತ್ತಾನೆ. ಇಂದಿನ ಕನ್ನಡದ ‘ನಾವು’ ಎಂಬಲ್ಲಿ ಈ ಭೇದವು ತೋರುವುದಿಲ್ಲ. ಇಂಗ್ಲಿಷಿನ ‘ವೀ’ ಎಂಬಲ್ಲಿಯೂ ಇಲ್ಲ. ಕೇಳುವವನು ಒಳಗೋ ಹೊರಗೋ ಎಂಬುದನ್ನು ಸಂದರ್ಭದಿಂದಲೇ ಊಹಿಸಿಕೊಳ್ಳಬೇಕು. ಪ್ರಕೃತ ಕಥೆಯ ವಿವಾದಗಳೆಲ್ಲವೂ ಈ ಊಹೆಯ ಸುತ್ತಲೇ ಹುಟ್ಟಿದವೆಂಬುದನ್ನು ತೋರಿಸುವುದು ನಮ್ಮ ಉದ್ದೇಶ.

೨

ಕಟ್ಟಡವನ್ನು ದೀರ್ಘಕಾಲದ ಗುತ್ತಿಗೆಗೆ ಹಿಡಿದು, ಅದನ್ನು ಸಣ್ಣ ಸಣ್ಣ ಕೊಠಡಿಗಳಾಗಿ ವಿಂಗಡಿಸಿ, ಮೇಜು ಕುರ್ಚಿಗಳನ್ನು ಹಾಕಿ, ತಿಂಗಳ ಲೆಕ್ಕದಲ್ಲಿ ಒಳಬಾಡಿಗೆಗೆ ಕೊಡುವ ವ್ಯಾಪಾರವು ಹೊಸದಲ್ಲ. ಮಾರ್ಕ್ ಡಿಕ್ಸನ್ ಎಂಬ ಆಂಗ್ಲ ವರ್ತಕನು ೧೯೮೯ರಲ್ಲಿ ಬ್ರಸೆಲ್ಸ್ ನಗರದಲ್ಲಿ ರೀಗಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಇದನ್ನೇ ಮಾಡಿದನು. ಈ ವ್ಯಾಪಾರದ ಲಾಭವು ಸಗಟು ಬಾಡಿಗೆಗೂ ಚಿಲ್ಲರೆ ಬಾಡಿಗೆಗೂ ಇರುವ ಅಂತರದಲ್ಲಿದೆ. ಅಪಾಯವು ಅವಧಿಗಳ ಅಂತರದಲ್ಲಿದೆ. ಒಳಬಾಡಿಗೆಯವನು ಕಾಲ ಕೆಟ್ಟಿತೆಂದು ತಿಂಗಳೊಪ್ಪತ್ತಿನಲ್ಲಿ ಎದ್ದುಹೋಗಬಹುದು. ಕಟ್ಟಡವನ್ನು ಹಿಡಿದವನು ಮಾತ್ರ ಹತ್ತು ಹದಿನೈದು ವರ್ಷ ಒಡೆಯನಿಗೆ ಬಾಡಿಗೆಯನ್ನು ತೆರುತ್ತಲೇ ಇರಬೇಕು. ಅಂತರ್ಜಾಲದ ಕಂಪೆನಿಗಳು ಕುಸಿದ ತರುವಾಯ, ೨೦೦೩ರಲ್ಲಿ, ರೀಗಸ್ ಸಂಸ್ಥೆಯ ಅಮೆರಿಕಾ ಶಾಖೆಯು ನ್ಯಾಯಾಲಯದಲ್ಲಿ ದಿವಾಳಿಯ ರಕ್ಷಣೆಯನ್ನು ಬೇಡಬೇಕಾದುದು ಇದರಿಂದಲೇ. ಮುಂದೆ ಅದು ಚೇತರಿಸಿಕೊಂಡಿತು. ಆದರೆ ದೃಷ್ಟಾಂತವು ಎಲ್ಲರ ಕಣ್ಣೆದುರಿಗಿದ್ದಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಆಡಂ ನ್ಯೂಮನ್ ಎಂಬವನು ಇಸ್ರೇಲಿನಲ್ಲಿ ೧೯೭೯ರಲ್ಲಿ ಜನಿಸಿದವನು. ಬಾಲ್ಯದ ಕೆಲವು ವರ್ಷಗಳನ್ನು ಕಿಬ್ಬುಟ್ಸ್ ಎಂಬ ಆ ದೇಶದ ಸಮಷ್ಟಿಗ್ರಾಮವೊಂದರಲ್ಲಿ ಕಳೆದವನು. ನೌಕಾದಳದಲ್ಲಿ ಸೇವೆ ಮಾಡಿ ನ್ಯೂಯಾರ್ಕಿಗೆ ಬಂದವನು. ಮಿಗೆಲ್ ಮೆಕೆಲ್ವಿ ಎಂಬವನು ಅಮೆರಿಕಾದ ಆರೆಗಾನ್ ಪ್ರಾಂತದವನು, ಗೃಹಶಿಲ್ಪವನ್ನು ಕಲಿತವನು. ಇವರಿಬ್ಬರೂ ೨೦೦೮ರಲ್ಲಿ ಬ್ರೂಕ್ಲಿನ್ ಭಾಗದಲ್ಲಿ ಗ್ರೀನ್ ಡೆಸ್ಕ್ ಎಂಬ ಹೆಸರಿನಿಂದ ಕಚೇರಿ-ಸ್ಥಳಗಳನ್ನು ಬಾಡಿಗೆಗೆ ಕೊಡಲು ತೊಡಗಿದರು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಕೆಲಸ ಕಳೆದುಕೊಂಡು ಸ್ವಂತ ಉದ್ಯೋಗವನ್ನು ಹಿಡಿದವರಿಗೆ ಅಗ್ಗದ ಮೇಜೂ ನಾಲ್ಕು ಜನರ ಒಡನಾಟವೂ ಬೇಕಾಗಿದ್ದವು. ಕಟ್ಟಡಗಳ ಒಡೆಯರಿಗೆ ಬರಿದಾದ ಅಂತಸ್ತುಗಳನ್ನು ತುಂಬುವವರು ಬೇಕಾಗಿದ್ದರು. ಅಲ್ಲಿನ ತಮ್ಮ ಪಾಲನ್ನು ಮಾರಿ ಅವರು ೨೦೧೦ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಬೀದಿಯಲ್ಲಿ ವೀವರ್ಕ್ ಎಂಬ ಹೊಸ ಸಂಸ್ಥೆಯ ಮೊದಲನೆಯ ಮನೆಯನ್ನು ತೆರೆದರು.

ಬಾಡಿಗೆದಾರರನ್ನು ಅಲ್ಲಿ ಬಾಡಿಗೆದಾರರೆಂದು ಕರೆಯುತ್ತಿರಲಿಲ್ಲ, ‘ಸದಸ್ಯ’ರೆಂದು ಕರೆದರು. ಅವರ ಒಟ್ಟು ಗುಂಪಿಗೆ ‘ಸಮುದಾಯ’ವೆಂದು ಹೆಸರಾಯಿತು. ಗಾಜಿನ ಗೋಡೆಗಳು, ಒಟ್ಟಿಗೆ ಕುಳಿತು ಕಾಫಿ ಕುಡಿಯುವ ವಿಶಾಲವಾದ ಹಜಾರ, ಸಂಜೆಯ ಕೂಟಗಳು, ಇವುಗಳಿಂದ ಒಂಟಿಯಾಗಿ ದುಡಿಯುವವನಿಗೆ ನೆರೆಹೊರೆಯೊಂದು ದೊರೆಯುತ್ತಿದ್ದುದು ನಿಜ. ಇದನ್ನು ಬರಿಯ ಠಕ್ಕೆಂದು ತಳ್ಳಿಬಿಡುವುದು ನ್ಯಾಯವಲ್ಲ. ಶಬ್ದದ ಹಿಂದೆ ಅರ್ಥವಿದ್ದಿತು. ಅರ್ಥಕ್ಕಿಂತ ಶಬ್ದವು ಬೇಗಬೇಗ ಬೆಳೆದುದೇ ಮುಂದಿನ ಅನರ್ಥಕ್ಕೆ ಕಾರಣವಾಯಿತು.

೩

೨೦೧೬ರ ಕೊನೆಯಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ ಸಂಸ್ಥೆಯ ಮುಖ್ಯಸ್ಥನಾದ ಮಾಸಯೋಶಿ ಸೋನ್ ಎಂಬ ಧನಿಕನು ವೀವರ್ಕಿನ ಮುಖ್ಯಾಲಯವನ್ನು ನೋಡಲು ಬಂದನು. ಆತನು ಅಲ್ಲಿ ಇದ್ದದ್ದು ಸುಮಾರು ಹನ್ನೆರಡು ನಿಮಿಷವೆಂಬುದು ಲೋಕಪ್ರಸಿದ್ಧವಾದ ಮಾತು. ಮಾರನೆಯ ವರ್ಷ ಸಾಫ್ಟ್‌ಬ್ಯಾಂಕೂ ಅದರ ವಿಷನ್ ಫಂಡ್ ಎಂಬ ನಿಧಿಯೂ ೪೪೦ ಕೋಟಿ ಡಾಲರುಗಳನ್ನು ಹೂಡಿದವು. ಆ ನಿಧಿಯ ಹಣದಲ್ಲಿ ಬಹುಭಾಗವು ಸೌದಿ ಅರೇಬಿಯಾ, ಅಬುಧಾಬಿಗಳ ರಾಜ್ಯನಿಧಿಗಳಿಂದ ಬಂದುದಾಗಿತ್ತು. ಇಷ್ಟು ಬಂಡವಾಳವು ಬೆನ್ನಿಗಿದ್ದ ಮೇಲೆ ಬೆಳವಣಿಗೆಗೆ ತಡೆಯಿರಲಿಲ್ಲ. ೨೦೧೮ರಲ್ಲಿ ಮ್ಯಾನ್‌ಹ್ಯಾಟನ್ ದ್ವೀಪದ ಖಾಸಗಿ ಸಂಸ್ಥೆಗಳ ಪೈಕಿ ಎಲ್ಲಕ್ಕಿಂತ ಹೆಚ್ಚು ಕಚೇರಿ-ಸ್ಥಳವನ್ನು ಹಿಡಿದುಕೊಂಡಿದ್ದುದು ವೀವರ್ಕೇ.

ಇದರೊಡನೆ ಸರ್ವನಾಮವೂ ಪ್ರತ್ಯಯದಂತೆ ಕಂಡ ಕಂಡ ಪದಗಳಿಗೆ ಹತ್ತತೊಡಗಿತು. ವಾಸದ ಮನೆಗಳಿಗೆ ‘ವೀಲಿವ್’ ಎಂದಾಯಿತು. ೨೦೧೮ರಲ್ಲಿ ತೆರೆದ ಮಕ್ಕಳ ಶಾಲೆಗೆ ‘ವೀಗ್ರೋ’ ಎಂದಾಯಿತು. ೨೦೧೯ರ ಜನವರಿಯಲ್ಲಿ ಮೂಲಸಂಸ್ಥೆಯೇ ತನ್ನ ಹೆಸರನ್ನು ‘ದಿ ವೀ ಕಂಪೆನಿ’ ಎಂದು ಬದಲಾಯಿಸಿಕೊಂಡಿತು. ನಾವು ಮೊದಲು ಹೇಳಿದ ಶಬ್ದವಿಕ್ರಯವು ಈ ನಾಮಕರಣದ ಫಲ.

ಈ ಕಾಲದ ಮತ್ತೊಂದು ಶಬ್ದಸೃಷ್ಟಿಯನ್ನು ಇಲ್ಲಿ ಗಮನಿಸಬೇಕು. ೨೦೧೮ರ ಏಪ್ರಿಲಿನಲ್ಲಿ ಸಂಸ್ಥೆಯು ಸಾಲಪತ್ರಗಳನ್ನು ಮಾರಿ ಸುಮಾರು ೭೦ ಕೋಟಿ ಡಾಲರುಗಳನ್ನು ಎತ್ತಿತು. ಆಗ ಸಾಲಿಗರಿಗೆ ತೋರಿಸಿದ ಲೆಕ್ಕದಲ್ಲಿ ‘ಸಮುದಾಯ-ಹೊಂದಾಣಿಕೆಯ ಲಾಭ’ವೆಂದು ಅರ್ಥೈಸಬಹುದಾದ ಒಂದು ಪರಿಮಾಣವು ಕಾಣಿಸಿಕೊಂಡಿತು. ಬಡ್ಡಿ, ತೆರಿಗೆ, ಸವಕಳಿಗಳನ್ನು ಬಿಟ್ಟು ಲಾಭವನ್ನು ತೋರಿಸುವುದು ವರ್ತಕರಲ್ಲಿ ಬಳಕೆಯಲ್ಲಿರುವ ರೂಢಿಯೇ. ಇಲ್ಲಿಯಾದರೋ ಪ್ರಚಾರದ ಖರ್ಚು, ಆಡಳಿತದ ಖರ್ಚು, ಹೊಸ ಮನೆಗಳನ್ನು ಕಟ್ಟಿ ಸಜ್ಜುಗೊಳಿಸುವ ಖರ್ಚು, ಇವುಗಳನ್ನೂ ಬಿಟ್ಟಿದ್ದರು. ಬೆಳೆಯುವುದೇ ಕಸುಬಾದ ಸಂಸ್ಥೆಯಲ್ಲಿ ಬೆಳೆಯುವ ಖರ್ಚನ್ನು ಬಿಟ್ಟರೆ ಉಳಿಯುವುದು ಯಾವ ಲಾಭವೆಂದು ಟೀಕಾಕಾರರು ನಕ್ಕರು. ‘ಸಮುದಾಯ’ವೆಂಬ ಪದವು ಹಜಾರದಿಂದ ಹೊರಟು ಲೆಕ್ಕದ ಪುಸ್ತಕವನ್ನು ಹೊಕ್ಕುದು ಹೀಗೆ.

೨೦೧೯ರ ಜನವರಿಯಲ್ಲಿ ಸಾಫ್ಟ್‌ಬ್ಯಾಂಕಿನವರು ಮತ್ತೆ ಹಣ ಹೂಡಿದಾಗ ಸಂಸ್ಥೆಯ ಒಟ್ಟು ಬೆಲೆಯನ್ನು ೪,೭೦೦ ಕೋಟಿ ಡಾಲರುಗಳೆಂದು ಕಟ್ಟಲಾಯಿತು. ಅದೇ ವ್ಯಾಪಾರವನ್ನು ಮೂರು ದಶಕಗಳಿಂದ ನಡೆಸಿ ಲಾಭವನ್ನು ತೋರಿಸುತ್ತಿದ್ದ ಡಿಕ್ಸನನ ಸಂಸ್ಥೆಗೆ ಪೇಟೆಯಲ್ಲಿ ಇದರ ಒಂದು ಸಣ್ಣ ಅಂಶದಷ್ಟೂ ಬೆಲೆಯಿರಲಿಲ್ಲ.

೪

೨೦೧೯ರ ಆಗಸ್ಟ್ ೧೪ರಂದು ಸಂಸ್ಥೆಯು ಸಾರ್ವಜನಿಕರಿಗೆ ಪಾಲುಗಳನ್ನು ಮಾರುವ ಸಲುವಾಗಿ ತನ್ನ ನಿವೇದನಪತ್ರವನ್ನು ಪ್ರಕಟಿಸಿತು. ಈ ಇತಿಹಾಸಕ್ಕೆ ಇದೇ ಮುಖ್ಯವಾದ ಶಾಸನವೆನ್ನಬಹುದು. ತಾಮ್ರಶಾಸನಗಳಲ್ಲಿ ಮೊದಲು ಪ್ರಶಸ್ತಿಯೂ ಆಮೇಲೆ ದತ್ತಿಯ ವಿವರವೂ ಇರುವಂತೆ ಇದರಲ್ಲಿಯೂ ಎರಡು ಭಾಗಗಳುಂಟು. ಪ್ರಶಸ್ತಿಭಾಗದಲ್ಲಿ ‘ನಾವು’ ಎಂಬುದರ ಶಕ್ತಿಗೆ ಅರ್ಪಣೆಯಿದೆ. ಲೋಕದ ಪ್ರಜ್ಞೆಯನ್ನು ಎತ್ತರಿಸುವ ಸಂಕಲ್ಪವಿದೆ. ವಿವರಭಾಗದಲ್ಲಿ ಅಂಕಿಗಳಿವೆ. ಶಾಸನಜ್ಞರು ಪ್ರಶಸ್ತಿಯನ್ನು ಎಚ್ಚರಿಕೆಯಿಂದಲೂ ಸೀಮೆಯ ವಿವರವನ್ನು ಶ್ರದ್ಧೆಯಿಂದಲೂ ಓದುತ್ತಾರೆ. ನಾವೂ ಹಾಗೆಯೇ ಮಾಡೋಣ.

೨೯ ದೇಶಗಳ ೧೧೧ ನಗರಗಳಲ್ಲಿ ೫೨೮ ಸ್ಥಳಗಳು, ೫,೨೭,೦೦೦ ಸದಸ್ಯರು. ೨೦೧೮ರ ವರಮಾನವು ಸುಮಾರು ೧೮೨ ಕೋಟಿ ಡಾಲರುಗಳು; ಅದೇ ವರ್ಷದ ನಷ್ಟವು ಸುಮಾರು ೧೯೩ ಕೋಟಿ. ಅಂದರೆ ಒಂದು ಡಾಲರನ್ನು ಗಳಿಸುವುದಕ್ಕೆ ಎರಡು ಡಾಲರಿಗಿಂತ ಹೆಚ್ಚು ವ್ಯಯವಾಗುತ್ತಿದ್ದಿತು. ಮುಂದೆ ಕಟ್ಟಡಗಳ ಒಡೆಯರಿಗೆ ತೆರಬೇಕಾದ ಬಾಡಿಗೆಯ ಮೊತ್ತ ೪,೭೨೦ ಕೋಟಿ ಡಾಲರುಗಳು. ಸದಸ್ಯರಿಂದ ಕರಾರಿನ ಮೇರೆಗೆ ಬರಬೇಕಾದುದು ಸುಮಾರು ೪೦೦ ಕೋಟಿ. ಅಮೆರಿಕಾದ ಗುತ್ತಿಗೆಗಳ ಸರಾಸರಿ ಅವಧಿಯು ಸುಮಾರು ೧೫ ವರ್ಷಗಳು. ಧನಿಕರು ಕಟ್ಟಿದ ಬೆಲೆಯೂ ಒಡೆಯರಿಗೆ ಸಲ್ಲಬೇಕಾದ ಬಾಡಿಗೆಯೂ ಹೆಚ್ಚುಕಡಿಮೆ ಒಂದೇ ಮೊತ್ತವಾಗಿದ್ದುದು ಕಾಕತಾಳೀಯವೇ ಇರಬಹುದು. ಆದರೆ ಮೊದಲನೆಯದು ಅಭಿಪ್ರಾಯ, ಎರಡನೆಯದು ಋಣ ಎಂಬ ಭೇದವನ್ನು ಮರೆಯಬಾರದು.

ವಿವಾದಕ್ಕೆ ಕಾರಣವಾದ ಇತರ ಅಂಶಗಳು ಇವು. ನ್ಯೂಮನ್ ತಾನು ಪಾಲುದಾರನಾಗಿದ್ದ ಕೆಲವು ಕಟ್ಟಡಗಳನ್ನು ತನ್ನ ಕಂಪೆನಿಗೇ ಬಾಡಿಗೆಗೆ ಕೊಟ್ಟಿದ್ದನು; ಬಾಡಿಗೆ ಕೊಡುವವನೂ ಕೊಳ್ಳುವವನೂ ಒಂದು ಲೆಕ್ಕದಲ್ಲಿ ಒಬ್ಬನೇ. ಅವನ ಒಂದೊಂದು ಪಾಲಿಗೆ ೨೦ ಮತಗಳ ಬಲವಿದ್ದಿತು. ಅವನಿಗೆ ಮರಣವೋ ಅಸಾಮರ್ಥ್ಯವೋ ಪ್ರಾಪ್ತವಾದರೆ ಉತ್ತರಾಧಿಕಾರಿಯನ್ನು ಆರಿಸುವುದರಲ್ಲಿ ಅವನ ಪತ್ನಿಗೆ ಅಧಿಕಾರವಿದ್ದಿತು. ಇವುಗಳ ಮೇಲೆ ಸರ್ವನಾಮದ ಮಾರಾಟ. ಟೀಕೆಯು ಪ್ರಬಲವಾಗಲು ಸೆಪ್ಟೆಂಬರಿನಲ್ಲಿ ೫೯ ಲಕ್ಷದ ಆ ಪಾಲುಗಳು ಹಿಂದಿರುಗಿಸಲ್ಪಟ್ಟವು. ಮತಗಳು ೨೦ರಿಂದ ೧೦ಕ್ಕೂ ಅನಂತರ ೩ಕ್ಕೂ ಇಳಿದವು. ಪತ್ನಿಯ ಅಧಿಕಾರವನ್ನು ತೆಗೆದುಹಾಕಿದರು.

ವಾರ್ತಿಕಕಾರನ ನಿಷೇಧವು ಇಲ್ಲಿ ಸ್ಮರಣೆಗೆ ಬಾರದಿರದು. ಖಾಸಗಿಯಾಗಿದ್ದಷ್ಟು ಕಾಲ ಒಬ್ಬನೇ ‘ನಾವು’ ಎಂದು ಹೇಳಿಕೊಂಡು ನಡೆಯಬಹುದಾಗಿತ್ತು. ನಿವೇದನಪತ್ರದಲ್ಲಿ ಕಾಯಿದೆಯ ಬಲದಿಂದ ಹೆಸರನ್ನು ಬರೆಯಬೇಕಾಯಿತು. ಯಾವ ಕಟ್ಟಡ ಯಾರದು, ಯಾವ ಶಬ್ದ ಯಾರದು, ಯಾವ ಮತ ಯಾರದೆಂದು ವಿಶೇಷಣಗಳನ್ನು ಕೂಡಿಸಬೇಕಾಯಿತು. ವಿಶೇಷಣವು ಕೂಡಿದೊಡನೆ ಬಹುವಚನವು ನಿಲ್ಲಲಿಲ್ಲ.

೫

ಸೆಪ್ಟೆಂಬರ್ ೨೪ರಂದು ನ್ಯೂಮನ್ ಅಧಿಕಾರವನ್ನು ಬಿಟ್ಟನು. ೩೦ರಂದು ನಿವೇದನಪತ್ರವು ಹಿಂತೆಗೆಯಲ್ಪಟ್ಟಿತು. ಅಕ್ಟೋಬರಿನಲ್ಲಿ ಕೈಯಲ್ಲಿ ಹಣವಿಲ್ಲದೆ ನಿಂತ ಸಂಸ್ಥೆಯನ್ನು ಸಾಫ್ಟ್‌ಬ್ಯಾಂಕೇ ಎತ್ತಿಹಿಡಿಯಬೇಕಾಯಿತು. ಆಗ ಕಟ್ಟಿದ ಬೆಲೆ ಸುಮಾರು ೮೦೦ ಕೋಟಿ ಡಾಲರುಗಳು. ಒಪ್ಪಂದದಂತೆ ನ್ಯೂಮನ್ನನಿಗೆ ಸುಮಾರು ೯೭ ಕೋಟಿ ಡಾಲರಿನವರೆಗೆ ಪಾಲುಗಳನ್ನು ಮಾರುವ ಅವಕಾಶವೂ, ಸಲಹೆಗಾಗಿ ೧೮ ಕೋಟಿ ೫೦ ಲಕ್ಷದ ಸಂಭಾವನೆಯೂ, ೫೦ ಕೋಟಿಯ ಸಾಲವೂ ಗೊತ್ತಾದವು. ಮರುತಿಂಗಳು ಸುಮಾರು ೨,೪೦೦ ನೌಕರರು ಕೆಲಸ ಕಳೆದುಕೊಂಡರು. ಅದೇ ಅಕ್ಟೋಬರಿನಲ್ಲಿ, ಅಮೆರಿಕಾ ಕೆನಡಾಗಳ ವೀವರ್ಕ್ ಮನೆಗಳಲ್ಲಿದ್ದ ಸುಮಾರು ೧,೬೦೦ ದೂರವಾಣಿ ಗೂಡುಗಳಲ್ಲಿ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ವಾಯುವು ಇರಬಹುದೆಂದು ಅವನ್ನು ಮುಚ್ಚಬೇಕಾಗಿ ಬಂದಿತು.

೨೦೨೦ರ ಏಪ್ರಿಲಿನಲ್ಲಿ ಸಾಫ್ಟ್‌ಬ್ಯಾಂಕು ಪಾಲುಗಳನ್ನು ಕೊಳ್ಳುವ ಮಾತಿನಿಂದ ಹಿಂದೆಗೆಯಿತು. ನ್ಯೂಮನ್ ವ್ಯಾಜ್ಯ ಹೂಡಿದನು. ೨೦೨೧ರಲ್ಲಿ, ಮೊದಲು ಗೊತ್ತಾಗಿದ್ದುದರ ಸುಮಾರು ಅರ್ಧದಷ್ಟು ಪಾಲುಗಳನ್ನು ಕೊಳ್ಳುವುದೆಂದು ರಾಜಿಯಾಯಿತು. ಅಷ್ಟರಲ್ಲಿ ಮಹಾಮಾರಿಯು ಬಂದು ಲೋಕದ ಕಚೇರಿಗಳೆಲ್ಲವೂ ಬರಿದಾಗಿದ್ದವು. ಸಂದೀಪ್ ಮಥ್ರಾನಿ ಎಂಬ ಕಟ್ಟಡ-ವ್ಯವಹಾರ ಕುಶಲನು ೨೦೨೦ರಿಂದ ಸಂಸ್ಥೆಯನ್ನು ನಡೆಸಿ ಅನೇಕ ಗುತ್ತಿಗೆಗಳನ್ನು ಬಿಡಿಸಿದನು. ೨೦೨೧ರ ಅಕ್ಟೋಬರಿನಲ್ಲಿ ಬೋಎಕ್ಸ್ ಎಂಬ ಬಂಡವಾಳದ ಕಂಪೆನಿಯೊಂದಿಗೆ ಕೂಡಿ ವೀವರ್ಕ್ ಕೊನೆಗೂ ನ್ಯೂಯಾರ್ಕಿನ ಪಾಲುಪೇಟೆಯನ್ನು ಸೇರಿತು; ಬೆಲೆ ಸುಮಾರು ೯೦೦ ಕೋಟಿ. ಆದರೆ ಹಳೆಯ ಗುತ್ತಿಗೆಗಳ ಭಾರವು ತಗ್ಗಲಿಲ್ಲ. ೨೦೨೩ರ ನವೆಂಬರ್ ೬ರಂದು ಅದು ನ್ಯೂಜೆರ್ಸಿಯ ನ್ಯಾಯಾಲಯದಲ್ಲಿ ದಿವಾಳಿಯ ರಕ್ಷಣೆಯನ್ನು ಬೇಡಿತು. ೨೦೨೪ರ ಜೂನಿನಲ್ಲಿ ಸುಮಾರು ೪೦೦ ಕೋಟಿ ಡಾಲರುಗಳ ಸಾಲವನ್ನು ಕಳೆದುಕೊಂಡು ಹೊರಬಂದಿತು. ಯಾರ್ಡಿ ಎಂಬ ಸಂಸ್ಥೆಯು ಬಹುಪಾಲಿನ ಒಡೆತನವನ್ನು ಪಡೆಯಿತು. ಹಳೆಯ ಪಾಲುದಾರರಿಗೆ ಏನೂ ದಕ್ಕಲಿಲ್ಲ. ಸಾಫ್ಟ್‌ಬ್ಯಾಂಕಿಗಾದ ನಷ್ಟವು ೧,೦೦೦ ಕೋಟಿ ಡಾಲರುಗಳನ್ನು ಮೀರಿದುದು. ಕಟ್ಟಡಗಳ ಒಡೆಯರು ಅನೇಕರು ಬಾಡಿಗೆಯನ್ನು ತಗ್ಗಿಸಿಕೊಂಡರು. ಉಳಿದವರಿಗೆ ಬರಿದಾದ ಅಂತಸ್ತುಗಳೇ ಗತಿಯಾದವು.

ಈ ಕಥೆಗೆ ನಮ್ಮ ನಾಡಿನ ಶಾಖೆಯೊಂದುಂಟು. ಬೆಂಗಳೂರಿನ ಎಂಬಸಿ ಸಮೂಹದವರು ವೀವರ್ಕಿನ ಹೆಸರನ್ನು ಪಡೆದು ೨೦೧೭ರಲ್ಲಿ ಬೆಂಗಳೂರಿನಲ್ಲಿಯೇ ಭಾರತದ ಮೊದಲನೆಯ ಮನೆಯನ್ನು ತೆರೆದರು. ಇಲ್ಲಿಯ ಕಂಪೆನಿಯಲ್ಲಿ ಬಹುಪಾಲು ಅವರದೇ ಆಗಿದ್ದುದರಿಂದ ಅಮೆರಿಕಾದ ದಿವಾಳಿಯು ಇದನ್ನು ಕೆಡವಲಿಲ್ಲ. ೨೦೨೫ರ ಅಕ್ಟೋಬರಿನಲ್ಲಿ ಇದರ ಪಾಲುಗಳು ಸುಮಾರು ೩,೦೦೦ ಕೋಟಿ ರೂಪಾಯಿಗಳಿಗೆ ಸಾರ್ವಜನಿಕರಿಗೆ ಮಾರಲ್ಪಟ್ಟವು. ಆ ಹಣವು ಕಂಪೆನಿಯ ಪೆಟ್ಟಿಗೆಗೆ ಬರಲಿಲ್ಲ. ಮಾರಿದವರು ಹಳೆಯ ಪಾಲುದಾರರಾದುದರಿಂದ ಅವರಿಗೇ ಸಂದಿತು. ಇದರಲ್ಲಿ ಕಾಯಿದೆಗೆ ವಿರುದ್ಧವಾದುದೇನೂ ಇಲ್ಲ. ನಿವೇದನಪತ್ರದಲ್ಲಿ ಸ್ಪಷ್ಟವಾಗಿ ಬರೆದೇ ಇದ್ದಿತು. ಓದುವವನು ಓದಬೇಕಷ್ಟೆ.

೬

ಇನ್ನು ವಿಮರ್ಶೆ. ನಮ್ಮ ಧರ್ಮಶಾಸ್ತ್ರಕಾರರು ವಿವಾದಪದಗಳಲ್ಲಿ ಸಂಭೂಯಸಮುತ್ಥಾನವೆಂಬುದನ್ನು ಒಂದಾಗಿ ಎಣಿಸಿರುವರು. ಹಲವರು ಕೂಡಿ ಲಾಭಕ್ಕಾಗಿ ಒಂದು ಕೆಲಸವನ್ನು ಎತ್ತುವುದೆಂದು ಅದರ ಅರ್ಥ. ಕಲ್ಯಾಣದಲ್ಲಿ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯಲ್ಲಿ ಈ ಪ್ರಕರಣವು ವಿವೃತವಾಗಿದೆ. ಅದರ ಸಾರಾಂಶ ಹೀಗೆ: ಲಾಭನಷ್ಟಗಳು ಹಾಕಿದ ಹಣಕ್ಕೆ ಅನುಗುಣವಾಗಿಯೋ ಮೊದಲು ಮಾಡಿದ ಕರಾರಿಗೆ ಅನುಗುಣವಾಗಿಯೋ ಸಲ್ಲತಕ್ಕವು, ಉಳಿದವರು ಬೇಡವೆಂದುದನ್ನು ಮಾಡಿ, ಅಥವಾ ಅನುಮತಿಯಿಲ್ಲದೆಯೋ ಅಜಾಗರೂಕತೆಯಿಂದಲೋ ನಡೆದು ಕೆಡಿಸಿದವನು ಆ ನಷ್ಟವನ್ನು ತುಂಬಿಕೊಡಬೇಕು, ಕುಟಿಲನಾದವನನ್ನು ಲಾಭವಿಲ್ಲದೆ ಹೊರಗೆ ಕಳುಹಿಸಬೇಕು. ಕೌಟಿಲ್ಯನ ಅರ್ಥಶಾಸ್ತ್ರವು ಬಾಡಿಗೆಯ ವಿಷಯವನ್ನೂ ಹೇಳುತ್ತದೆ. ೧೯೦೯ರಲ್ಲಿ ಶಾಮಶಾಸ್ತ್ರಿಗಳು ಮೈಸೂರಿನಿಂದ ಪ್ರಕಟಿಸಿದ ಆ ಗ್ರಂಥದ ಧರ್ಮಸ್ಥೀಯಾಧಿಕರಣದಲ್ಲಿ, ಬಾಡಿಗೆ ಕೊಡುವವನನ್ನು ನಿಷ್ಕಾರಣವಾಗಿ ಹೊರಡಿಸಿದವನಿಗೆ ೧೨ ಪಣಗಳ ದಂಡವೆಂದೂ, ತಾನಾಗಿಯೇ ಬಿಟ್ಟುಹೋಗುವವನು ವರ್ಷದ ಉಳಿದ ಬಾಡಿಗೆಯನ್ನು ಕೊಡಬೇಕೆಂದೂ ವಿಧಿಯಿದೆ. ಉಭಯರಿಗೂ ಒಂದೇ ಅವಧಿಯ ಬಂಧನವೆಂಬುದು ಇದರ ತಾತ್ಪರ್ಯ. ವೀವರ್ಕಿನ ವ್ಯಾಪಾರವು ಈ ಸಮತೆಯನ್ನು ಒಡೆದು, ಒಂದು ಕಡೆ ಹದಿನೈದು ವರ್ಷ, ಮತ್ತೊಂದು ಕಡೆ ಒಂದು ತಿಂಗಳೆಂದು ಮಾಡಿ, ನಡುವಣ ಅಂತರವನ್ನು ಪರರ ಬಂಡವಾಳದಿಂದ ತುಂಬಿತು.

ಇಲ್ಲಿ ಮೂರು ಪೂರ್ವಪಕ್ಷಗಳು ಏಳಬಹುದು. ಮಹಾಮಾರಿಯೇ ಸಂಸ್ಥೆಯನ್ನು ಕೆಡಿಸಿತೆಂಬುದು ಒಂದು. ಅದು ಪೂರ್ತಿ ಸುಳ್ಳಲ್ಲ. ಆದರೆ ಬೆಲೆಯು ೪,೭೦೦ ಕೋಟಿಯಿಂದ ೮೦೦ ಕೋಟಿಗೆ ಇಳಿದುದು ೨೦೧೯ರಲ್ಲಿ, ರೋಗವು ಹರಡುವುದಕ್ಕೆ ಮೊದಲು. ಎರಡನೆಯದು, ನ್ಯೂಮನ್ ಯಾರನ್ನೂ ವಂಚಿಸಲಿಲ್ಲ, ಎಲ್ಲ ಅಂಕಿಗಳೂ ಅವನ ಸಂಸ್ಥೆಯ ಪತ್ರದಲ್ಲಿಯೇ ಇದ್ದವೆಂಬುದು. ಇದನ್ನು ನಾವು ಒಪ್ಪುವೆವು. ಆದುದರಿಂದ ಸ್ಮೃತಿಯ ಕುಟಿಲಶಬ್ದವನ್ನು ಅವನಿಗೆ ಹಚ್ಚುವ ಅಧಿಕಾರವು ನಮಗಿಲ್ಲ. ತಿಳಿದೂ ಹಣ ಸುರಿದ ಧನಿಕರ ದೋಷವು ಅವನದಕ್ಕಿಂತ ಕಡಿಮೆಯೂ ಅಲ್ಲ. ಮೂರನೆಯದು, ಪರಿಮಿತ ಹೊಣೆಯ ಇಂದಿನ ಕಂಪೆನಿಗೆ ಹಳೆಯ ಸ್ಮೃತಿಯನ್ನು ಅನ್ವಯಿಸುವುದು ಕಾಲವ್ಯತ್ಯಾಸದ ದೋಷವೆಂಬುದು. ನಾವು ಸ್ಮೃತಿಯನ್ನು ಕಾಯಿದೆಯಾಗಿ ಅಲ್ಲ, ಶಬ್ದಾರ್ಥದ ಒರೆಗಲ್ಲಾಗಿ ತಂದಿದ್ದೇವೆ. ‘ಸಂಭೂಯ’ ಎಂಬಲ್ಲಿ ಲಾಭವನ್ನು ಹಂಚಿಕೊಳ್ಳುವವರೂ ನಷ್ಟವನ್ನು ಹಂಚಿಕೊಳ್ಳುವವರೂ ಅವರೇ. ವೀವರ್ಕಿನ ‘ವೀ’ ಎಂಬಲ್ಲಿ ಕೆಲಸ ಬಿಟ್ಟುಹೋದ ೨,೪೦೦ ಜನರೂ, ಪೇಟೆಯಲ್ಲಿ ಪಾಲು ಕೊಂಡವರೂ ಬೆಳೆಯುವಾಗ ಒಳಗಿದ್ದರು, ಹಂಚುವಾಗ ಹೊರಗುಳಿದರು.

ಇದರಿಂದ ನಮಗೆ ದೊರೆಯುವ ನಿರ್ಣಯವು ಚಿಕ್ಕದು. ಒಂದು ಸಂಸ್ಥೆಯು ‘ನಾವು’ ಎಂದಾಗ, ಅದು ತುಳುವಿನ ‘ನಮ’ವೋ ‘ಎಂಕುಳು’ವೋ ಎಂದು ಕೇಳುವುದು ವೈಯಾಕರಣನ ಕುತೂಹಲ ಮಾತ್ರವಲ್ಲ, ಕೂಲಿಗಾಗಿ ದುಡಿಯುವವನೂ ಕೂಡಿಟ್ಟ ಹಣವನ್ನು ಪಾಲಿಗೆ ಹಾಕುವವನೂ ಕೇಳಲೇಬೇಕಾದ ಪ್ರಶ್ನೆ. ಉತ್ತರವು ಪ್ರಶಸ್ತಿಭಾಗದಲ್ಲಿ ಸಿಕ್ಕುವುದಿಲ್ಲ, ವಿವರಭಾಗದಲ್ಲಿ ಸಿಕ್ಕುತ್ತದೆ. ನಮ್ಮ ವಿದ್ಯಾರ್ಥಿಗಳಿಗೆ ಸರ್ವನಾಮ ಪ್ರಕರಣವನ್ನು ಪಾಠ ಹೇಳುವ ಉಪಾಧ್ಯಾಯರು ಈ ಉದಾಹರಣೆಯನ್ನೂ ಒಮ್ಮೆ ಹೇಳಿದರೆ, ಅವರಲ್ಲಿ ಕೆಲವರಾದರೂ ಮುಂದೆ ಕರಾರಿಗೆ ರುಜು ಹಾಕುವ ಮೊದಲು ಅದನ್ನು ಕೊನೆಯವರೆಗೆ ಓದಿಯಾರೆಂದು ನಂಬಿದ್ದೇವೆ. ವಿದ್ವಾಂಸರು ಇದರಲ್ಲಿಯ ದೋಷಗಳನ್ನು ತೋರಿಸಿಕೊಡಬೇಕೆಂದು ಪ್ರಾರ್ಥನೆ.